ಕೆಂಪು ಗೋಡೆಯ ಹಳೆಯ ಲೆಕ್ಕ



ಮನೆಗೆ ಬಣ್ಣ ಹೊಡೆಸಿ ಕೈಸುಟ್ಟುಕೊಂಡವರ ಕಥೆ ಪ್ರತಿ ಬೀದಿಯಲ್ಲೂ ಒಂದಾದರೂ ಸಿಗುತ್ತದೆ. ಅಂಥ ಕಥೆಗಳಲ್ಲಿ ಬರಹಕ್ಕೆ ಇಳಿದ ಬಹು ಹಳೆಯದೊಂದು ರೋಮ್ ನಗರದ್ದು. ಎರಡು ಸಾವಿರ ವರ್ಷಗಳ ಹಿಂದೆ ಅಲ್ಲಿ ಫಾಬೆರಿಯಸ್ ಎಂಬ ಗುಮಾಸ್ತನಿದ್ದ. ಅವೆಂಟೈನ್ ಗುಡ್ಡದ ಮೇಲೆ ಅವನ ಮನೆ. ಮನೆ ನಾಲ್ಕು ಜನರ ಕಣ್ಣಿಗೆ ಬೀಳಬೇಕೆಂಬ ಆಸೆಯಿಂದ ಒಳಅಂಗಳದ ಸುತ್ತಲಿನ ಕಂಬಗಳ ಮೊಗಸಾಲೆಯ ಗೋಡೆಗಳಿಗೆಲ್ಲ ಕಡುಗೆಂಪು ಬಳಿಸಿದ. ಮೂವತ್ತು ದಿನ ಕಳೆಯುವುದರೊಳಗೆ ಗೋಡೆಯ ಬಣ್ಣ ಕೆಟ್ಟು, ಮಚ್ಚೆ ಮಚ್ಚೆಯಾಗಿ, ನೋಡಲಾಗದಂತಾಯಿತು. ಮತ್ತೆ ಗುತ್ತಿಗೆ ಕೊಟ್ಟು ಬೇರೆ ಬಣ್ಣ ಹೊಡೆಸಬೇಕಾಯಿತು.

ಈ ಪ್ರಸಂಗವನ್ನು ಬರೆದಿಟ್ಟವನು ವಿಟ್ರುವಿಯಸ್. ಕಟ್ಟಡ ಕಲೆಯನ್ನು ಕುರಿತ ಅವನ ಹತ್ತು ಭಾಗಗಳ ಗ್ರಂಥದ ಏಳನೆಯ ಭಾಗ ಗಾರೆ, ಸುಣ್ಣ, ಬಣ್ಣಗಳಿಗೇ ಮೀಸಲು. ಫಾಬೆರಿಯಸ್ಸನ ಹೆಸರು ಇಂದಿಗೂ ಉಳಿದಿದ್ದರೆ ಅವನು ಬರೆದ ಕಡತಗಳಿಂದಲ್ಲ, ಕೆಟ್ಟುಹೋದ ಆ ಗೋಡೆಯಿಂದ. ಪಾಪ, ಅವನು ಕೇಳಿಕೊಂಡಿದ್ದ ಕೀರ್ತಿ ಇದಲ್ಲ.

ಅವನು ಬಳಸಿದ ಬಣ್ಣ ಯಾವುದು? ರೋಮನ್ನರು ಅದನ್ನು ಮಿನಿಯಂ ಎನ್ನುತ್ತಿದ್ದರು. ಇಂದಿನ ರಸಾಯನಶಾಸ್ತ್ರದ ಪ್ರಕಾರ ಅದು ಪಾದರಸ ಮತ್ತು ಗಂಧಕ ಸೇರಿದ ಅದಿರು. ಕನ್ನಡದಲ್ಲಿ ಇದಕ್ಕೆ ಇಂಗಲೀಕ ಎಂಬ ಚೆಂದದ ಹೆಸರಿದೆ. ಅದಿರನ್ನು ಕುಟ್ಟಿ, ತೊಳೆದು, ಅರೆದು, ಮತ್ತೆ ತೊಳೆದರೆ ರಕ್ತದಂತೆ ಹೊಳೆಯುವ ಪುಡಿ ಸಿಗುತ್ತದೆ. ಮಣ್ಣಿನ ಕೆಂಪುಗಳು ಅದರ ಪಕ್ಕದಲ್ಲಿ ಮಂಕಾಗಿ ಕಾಣುತ್ತವೆ.

ರೋಮಿಗೆ ಬರುತ್ತಿದ್ದ ಇಂಗಲೀಕದ ಮುಖ್ಯ ಮೂಲ ಸ್ಪೇನ್ ದೇಶದ ಸಿಸಾಪೊ ಗಣಿಗಳು. ಇಂದಿನ ಅಲ್ಮಡೇನ್ ಪ್ರದೇಶ ಅದು. ಕ್ರಿ.ಶ. 79ರಲ್ಲಿ ತೀರಿಕೊಂಡ ಪ್ಲಿನಿ ಎಂಬ ವಿದ್ವಾಂಸ ಈ ವ್ಯಾಪಾರದ ವಿವರಗಳನ್ನು ಲೆಕ್ಕದ ಪುಸ್ತಕದಂತೆ ಕೊಟ್ಟಿದ್ದಾನೆ. ಅದಿರನ್ನು ಗಣಿಯ ಬಳಿ ಸಂಸ್ಕರಿಸುವಂತಿರಲಿಲ್ಲ. ಮುದ್ರೆ ಒತ್ತಿದ ಮೂಟೆಗಳಲ್ಲಿ, ವರ್ಷಕ್ಕೆ ಸುಮಾರು 2,000 ರೋಮನ್ ಪೌಂಡುಗಳಷ್ಟು, ರೋಮಿಗೆ ಬರಬೇಕು; ಅಲ್ಲಿಯೇ ಶುದ್ಧಿಯಾಗಬೇಕು. ಬೆಲೆ ಮಿತಿಮೀರಬಾರದೆಂದು ಕಾನೂನೇ ಪೌಂಡಿಗೆ 70 ಸೆಸ್ಟರ್ಸ್ ಎಂದು ಮಿತಿ ಹಾಕಿತ್ತು. ಆ ಕಾಲದಲ್ಲಿ ರೋಮನ್ ಕಾಲಾಳಿನ ಸಂಬಳ ವರ್ಷಕ್ಕೆ 900 ಸೆಸ್ಟರ್ಸ್. ರೋಮನ್ ಪೌಂಡೆಂದರೆ ನಮ್ಮ ಲೆಕ್ಕದಲ್ಲಿ ಮುನ್ನೂರ ಇಪ್ಪತ್ತೇಳು ಗ್ರಾಂ ಮಾತ್ರ. ಅಂದರೆ ಕಾಲು ಕಿಲೋಗಿಂತ ಸ್ವಲ್ಪ ಹೆಚ್ಚು ಬಣ್ಣದ ಪುಡಿಗೆ ಒಬ್ಬ ಸೈನಿಕನ ಹೆಚ್ಚುಕಡಿಮೆ ಒಂದು ತಿಂಗಳ ಸಂಬಳ. ಒಂದು ಕೋಣೆಯ ನಾಲ್ಕು ಗೋಡೆಗೆ ಎಷ್ಟು ಬೇಕಾಗಬಹುದೆಂದು ನೀವೇ ಅಂದಾಜು ಮಾಡಿಕೊಳ್ಳಿ.

ಬೆಲೆ ಇಷ್ಟಿರುವ ಸಾಮಾನು ಇದ್ದಲ್ಲಿ ಕಳ್ಳತನವೂ ಇರಲೇಬೇಕಲ್ಲ. ಪ್ಲಿನಿ ಅದನ್ನೂ ಬಿಟ್ಟಿಲ್ಲ. ಕೆಂಪು ತುಂಬಿದ ಕುಂಚವನ್ನು ಬಣ್ಣಗಾರರು ಮತ್ತೆ ಮತ್ತೆ ನೀರಿನಲ್ಲಿ ಜಾಲಾಡುತ್ತಿದ್ದರಂತೆ. ಇಂಗಲೀಕ ಭಾರವಾದದ್ದು, ನೀರಿನ ತಳಕ್ಕೆ ಕೂರುತ್ತದೆ. ಸಂಜೆ ಕೆಲಸ ಮುಗಿದ ಮೇಲೆ ನೀರು ಚೆಲ್ಲಿ, ತಳದಲ್ಲಿ ಉಳಿದದ್ದನ್ನು ಮನೆಗೆ ಒಯ್ಯುವುದು. ಮನೆಯ ಯಜಮಾನನಿಗೆ ಗೋಡೆಯೂ ಕೆಂಪಾಯಿತು, ಬಣ್ಣಗಾರನಿಗೆ ಗಂಟೂ ಆಯಿತು. ಇದರಿಂದಲೇ ಇರಬೇಕು, ಇಂಥ ದುಬಾರಿ ಬಣ್ಣಗಳನ್ನು ಗುತ್ತಿಗೆಯಲ್ಲಿ ಸೇರಿಸುತ್ತಿರಲಿಲ್ಲ. ಅವನ್ನು ಯಜಮಾನನೇ ಕೊಂಡು ತಂದು ಕೊಡಬೇಕಿತ್ತು. ಇಂದು ಕೂಡ 'ಪೇಂಟ್ ನಿಮ್ಮದು, ಕೂಲಿ ನಮ್ಮದು' ಎಂಬ ಒಪ್ಪಂದ ಕೇಳಿದವರಿಗೆ ಇದು ಹೊಸದೆನಿಸದು.

ಕಲಬೆರಕೆಯೂ ಇತ್ತು. ಸುಣ್ಣ ಬೆರೆಸಿ ತೂಕ ಹೆಚ್ಚಿಸುತ್ತಿದ್ದರು. ಅದನ್ನು ಪತ್ತೆಹಚ್ಚಲು ವಿಟ್ರುವಿಯಸ್ ಒಂದು ಪರೀಕ್ಷೆ ಹೇಳುತ್ತಾನೆ. ಕಬ್ಬಿಣದ ತಗಡಿನ ಮೇಲೆ ಪುಡಿಯಿಟ್ಟು ತಗಡು ಕೆಂಪಗೆ ಕಾಯುವವರೆಗೆ ಬಿಸಿ ಮಾಡಬೇಕು. ಪುಡಿ ಕಪ್ಪಾಗಿ, ತಣ್ಣಗಾದ ಮೇಲೆ ಮೊದಲಿನ ಕೆಂಪಿಗೆ ಮರಳಿದರೆ ಅಪ್ಪಟ. ಕಪ್ಪಾಗಿಯೇ ಉಳಿದರೆ ಕಲಬೆರಕೆ.

ಇಷ್ಟೆಲ್ಲದರ ಹಿಂದೆ ಗಣಿಯ ಆಳದಲ್ಲಿ, ಅರೆಯುವ ಕಮ್ಮಟಗಳಲ್ಲಿ ಕೆಲಸ ಮಾಡುತ್ತಿದ್ದವರು ಯಾರು? ಪ್ಲಿನಿಯ ಬರಹದಲ್ಲಿ ಅವರ ಹೆಸರುಗಳಿಲ್ಲ. ಇರುವುದು ಒಂದೇ ಸಾಲಿನಷ್ಟು ಮಾತು. ಮಿನಿಯಂ ತಯಾರಿಸುವ ಕೆಲಸಗಾರರು ಮುಖಕ್ಕೆ ಸಡಿಲವಾಗಿ ಪ್ರಾಣಿಯ ಮೂತ್ರಕೋಶದ ಚೀಲ ಕಟ್ಟಿಕೊಳ್ಳುತ್ತಿದ್ದರು. ಅದರ ಮೂಲಕ ಆಚೆಗೆ ಕಾಣುವಂತಿರಬೇಕು, ಆದರೆ ಮಾರಕವಾದ ಧೂಳು ಉಸಿರಿನೊಳಗೆ ಹೋಗಬಾರದು. ಪಾದರಸದ ವಿಷ ಏನೆಂದು ಅವರಿಗೆ ರಸಾಯನಶಾಸ್ತ್ರದ ಭಾಷೆಯಲ್ಲಿ ಗೊತ್ತಿರಲಿಲ್ಲ; ಸಾವು ಗೊತ್ತಿತ್ತು. ಅಲ್ಮಡೇನ್ ಗಣಿ ಅಲ್ಲಿಗೇ ನಿಲ್ಲಲಿಲ್ಲ. ಮುಂದೆ ಶತಮಾನಗಳ ಕಾಲ ಸ್ಪೇನಿನ ದೊರೆಗಳು ಶಿಕ್ಷೆಗೊಳಗಾದ ಕೈದಿಗಳನ್ನೂ ಗುಲಾಮರನ್ನೂ ಅಲ್ಲಿ ದುಡಿಸಿದರು. 2012ರಲ್ಲಿ ಯುನೆಸ್ಕೊ ಈ ಗಣಿಯನ್ನು ಸ್ಲೊವೇನಿಯಾದ ಇದ್ರಿಯಾ ಗಣಿಯ ಜತೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಭಾರತದ ಹೆಸರೂ ಈ ಕೆಂಪಿನ ಲೆಕ್ಕದಲ್ಲಿ ಬರುತ್ತದೆ, ಸ್ವಲ್ಪ ವಿಚಿತ್ರವಾಗಿ. ಸಿನ್ನಬಾರಿಸ್ ಎಂಬ ಹೆಸರು ಭಾರತೀಯರದೆಂದೂ, ಆನೆ ಮತ್ತು ಮಹಾಸರ್ಪ ಕಾದಾಡಿ ಸಾಯುವ ಆನೆಯ ಭಾರಕ್ಕೆ ಸರ್ಪ ಜಜ್ಜಿಹೋದಾಗ ಎರಡರ ರಕ್ತವೂ ಬೆರೆತು ಆಗುವ ಬಣ್ಣವೇ ಅದೆಂದೂ ಪ್ಲಿನಿ ಬರೆದಿದ್ದಾನೆ. ವಾಸ್ತವದಲ್ಲಿ ಅದು ಮರದ ಅಂಟು. ಅರಬ್ಬಿ ಸಮುದ್ರದ ಸೊಕೋತ್ರ ದ್ವೀಪದಲ್ಲಿ ಆ ಮರ ಇಂದಿಗೂ ಬೆಳೆಯುತ್ತದೆ. ದೂರದ ಸರಕಿಗೆ ದೊಡ್ಡ ಕಥೆ ಕಟ್ಟಿದರೆ ದೊಡ್ಡ ಬೆಲೆ ಸಿಗುತ್ತದೆಂಬುದು ವರ್ತಕರಿಗೆ ಎಂದಿನಿಂದಲೂ ಗೊತ್ತು.

ಈಗ ಈ ಬಣ್ಣ ಏರಿದ ಗೋಡೆಗಳ ಕಡೆ ಹೋಗೋಣ. ರೋಮಿನ ಫಾಬೆರಿಯಸ್ಸನ ಮನೆ ಉಳಿದಿಲ್ಲ. ಆದರೆ ನೇಪಲ್ಸ್ ಬಳಿಯ ಪೊಂಪೈ ಮತ್ತು ಹರ್ಕುಲೇನಿಯಂ ಪಟ್ಟಣಗಳು ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಡಿ ಹೂತುಹೋದದ್ದರಿಂದ ಅಲ್ಲಿನ ನೂರಾರು ಗೋಡೆಗಳು ಬಣ್ಣ ಸಮೇತ ಉಳಿದವು. ಪೊಂಪೈಯ ವೆಟ್ಟಿ ಮನೆಯನ್ನೇ ನೋಡಿ. 1894-95ರಲ್ಲಿ ಅಗೆದು ತೆಗೆದ ಈ ಮನೆ ಔಲಸ್ ವೆಟ್ಟಿಯಸ್ ಕೊನ್ವಿವ, ಔಲಸ್ ವೆಟ್ಟಿಯಸ್ ರೆಸ್ಟಿಟ್ಯೂಟಸ್ ಎಂಬ ಇಬ್ಬರದೆಂದು ಗುರುತಿಸಲಾಗಿದೆ. ಇಬ್ಬರೂ ಒಂದು ಕಾಲದ ಗುಲಾಮರು. ಬಿಡುಗಡೆ ಪಡೆದು ಹಣವಂತರಾದವರು. ಬಾಗಿಲು ದಾಟಿ ಬಂದವರ ಕಣ್ಣಿಗೆ ಮೊದಲು ಬೀಳಬೇಕೆಂದು ನಡುಮನೆಯಲ್ಲೇ ಎರಡು ದೊಡ್ಡ ಹಣದ ಪೆಟ್ಟಿಗೆಗಳನ್ನು ಇಟ್ಟಿದ್ದರು. ಒಳಗಿನ ಊಟದ ಕೋಣೆಯ ಗೋಡೆಗಳಲ್ಲಿ ಕಡುಗೆಂಪಿನ ದೊಡ್ಡ ಚೌಕಗಳು. ಅವುಗಳ ಕೆಳಗೆ ಕಪ್ಪು ಪಟ್ಟಿಯ ಮೇಲೆ ರೆಕ್ಕೆಯ ಪುಟ್ಟ ಮನ್ಮಥರ ಸಾಲು. ಆ ಪುಟಾಣಿಗಳು ಏನು ಮಾಡುತ್ತಿದ್ದಾರೆ ಗೊತ್ತೇ? ಸುಗಂಧ ತೈಲ ತಯಾರಿಸುತ್ತಿದ್ದಾರೆ, ಚಿನ್ನದ ಕೆಲಸ ಮಾಡುತ್ತಿದ್ದಾರೆ, ಬಟ್ಟೆ ಒಗೆದು ಮಡಿ ಮಾಡುತ್ತಿದ್ದಾರೆ, ದ್ರಾಕ್ಷಾರಸ ಮಾರುತ್ತಿದ್ದಾರೆ. ಆ ಊರಿನಲ್ಲಿ ಈ ಕೆಲಸಗಳನ್ನು ನಿಜವಾಗಿ ಮಾಡುತ್ತಿದ್ದವರಲ್ಲಿ ಬಹಳ ಮಂದಿ ಗುಲಾಮರು. ಗುಲಾಮರಾಗಿದ್ದವರೇ ಕಟ್ಟಿಸಿದ ಕೆಂಪು ಕೋಣೆಯಲ್ಲಿ ದುಡಿಮೆ ಹೀಗೆ ಆಟವಾಗಿಬಿಟ್ಟಿದೆ. ಅತಿಥಿಗಳು ಒರಗಿ ಕುಳಿತು ಎಣ್ಣೆ ದೀಪದ ಬೆಳಕಿನಲ್ಲಿ ಅದನ್ನು ನೋಡುತ್ತಿದ್ದರು. ಸಾಲದ ಜಾಮೀನಿಗೆ ಬಂದವರಿಗೂ, ವ್ಯಾಪಾರಕ್ಕೆ ಬಂದವರಿಗೂ ಆ ಗೋಡೆಯೇ ಯಜಮಾನರ ಆಸ್ತಿಪತ್ರ.

ಇಂಥ ಗೋಡೆಯನ್ನು ಹೇಗೆ ಮಾಡುತ್ತಿದ್ದರೆಂಬುದಕ್ಕೆ ಪುಸ್ತಕಕ್ಕಿಂತ ಒಳ್ಳೆಯ ಸಾಕ್ಷಿ ಪೊಂಪೈಯಲ್ಲೇ ಇದೆ. 1987ರಿಂದ ಅಗೆಯಲು ತೊಡಗಿದ ಒಂದು ಮನೆಗೆ ಈಗ 'ಕೆಲಸದಲ್ಲಿರುವ ಬಣ್ಣಗಾರರ ಮನೆ' ಎಂದೇ ಹೆಸರು. ಜ್ವಾಲಾಮುಖಿ ಸಿಡಿದ ದಿನ ಅಲ್ಲಿ ಕೆಲಸ ನಡೆದಿತ್ತು. ಸುಣ್ಣದ ರಾಶಿ, ಬಣ್ಣದ ಕುಡಿಕೆಗಳು ಇದ್ದಲ್ಲಿಯೇ ಇವೆ. ಗೋಡೆಯ ಮೇಲುಭಾಗ ಮುಗಿದಿದೆ, ಕೆಳಗಿನದು ಬಾಕಿ. ನಡುವೆ ಚಿತ್ರ ಬರಬೇಕಾದ ಜಾಗದಲ್ಲಿ ಬರೀ ಗೆರೆಗಳು. ಒಬ್ಬನೇ ಮಾಡುವ ಕೆಲಸವಲ್ಲ ಅದು. ಹಿನ್ನೆಲೆ ಬಳಿಯುವವರು ಬೇರೆ, ಅಂಚು ಬಿಡಿಸುವವರು ಬೇರೆ, ಚಿತ್ರ ಬರೆಯುವ ಮೇಸ್ತ್ರಿ ಬೇರೆ.

ಕ್ರಮ ಇಷ್ಟು. ಮೊದಲು ಸುಣ್ಣ ಮತ್ತು ಮರಳಿನ ಒರಟು ಗಾರೆ, ಆಮೇಲೆ ನಯವಾದದ್ದು, ಕೊನೆಗೆ ಅಮೃತಶಿಲೆಯ ಪುಡಿ ಬೆರೆಸಿದ ತೆಳು ಗಾರೆ. ವಿಟ್ರುವಿಯಸ್ ಮರಳಿನದು ಮೂರು, ಅಮೃತಶಿಲೆಯದು ಮೂರು ಎಂದು ಆರು ಪದರ ಹೇಳುತ್ತಾನೆ; ಪೊಂಪೈಯ ಮನೆಗಳಲ್ಲಿ ಅಷ್ಟು ಕಾಣುವುದು ಅಪರೂಪ. ಶಾಸ್ತ್ರಕ್ಕೂ ಮೇಸ್ತ್ರಿಯ ಕರಣೆಗೂ ಇರುವ ಅಂತರ ಅಲ್ಲೂ ಇತ್ತೆಂದಾಯಿತು. ಗಾರೆ ಹಸಿಯಿರುವಾಗಲೇ ಬಣ್ಣ ಬೀಳಬೇಕು. ಒಣಗುವಾಗ ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡ್ ಹೀರಿ ಮತ್ತೆ ಕಲ್ಲಾಗುತ್ತದೆ. ಬಣ್ಣದ ಕಣಗಳು ಆ ಕಲ್ಲಿನೊಳಗೆ ಸಿಕ್ಕಿಕೊಳ್ಳುತ್ತವೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೂ ಅದು ಹೋಗದು. ಮಣ್ಣಿನ ಕೆಂಪಿಗೆ ಇಷ್ಟು ಸಾಕು. ಇಂಗಲೀಕಕ್ಕೆ ಮಾತ್ರ ವಿಶೇಷ ಉಪಚಾರ. ಗೋಡೆ ಒಣಗಿದ ಮೇಲೆ ಕರಗಿಸಿದ ಮೇಣಕ್ಕೆ ಸ್ವಲ್ಪ ಎಣ್ಣೆ ಬೆರೆಸಿ ಕುಂಚದಿಂದ ಹಚ್ಚಬೇಕು. ಕಬ್ಬಿಣದ ಪಾತ್ರೆಯಲ್ಲಿ ಇದ್ದಲ ಕೆಂಡ ಹಿಡಿದು ಮೇಣ ಬೆವರುವಂತೆ ಕಾಯಿಸಬೇಕು. ನಂತರ ಶುಭ್ರವಾದ ನಾರುಬಟ್ಟೆಯಿಂದ ತಿಕ್ಕಬೇಕು. ಫಾಬೆರಿಯಸ್ ಇದನ್ನು ಮಾಡಿಸಿರಲಿಲ್ಲವೆಂದು ತೋರುತ್ತದೆ. ಅದೂ ಅಲ್ಲದೆ, ಮುಚ್ಚಿದ ಕೋಣೆಯಲ್ಲಿ ಬಾಳುವ ಈ ಬಣ್ಣವನ್ನು ಬಿಸಿಲು, ಬೆಳದಿಂಗಳು ಬೀಳುವ ತೆರೆದ ಮೊಗಸಾಲೆಗೆ ಬಳಿಸಿದ್ದೇ ಅವನ ತಪ್ಪು ಎನ್ನುತ್ತಾನೆ ವಿಟ್ರುವಿಯಸ್.

ಬಿಸಿಲಿಗೆ ಇಂಗಲೀಕ ಏಕೆ ಕಪ್ಪಾಗುತ್ತದೆ? ಬೆಳಕಿಗೆ ಅದರ ಹರಳಿನ ರಚನೆಯೇ ಬದಲಾಗುತ್ತದೆಂದು ಬಹುಕಾಲ ನಂಬಲಾಗಿತ್ತು. ಆ ಅದಿರಿಗೆ ಕಪ್ಪು ರೂಪವೊಂದು ಇರುವುದು ನಿಜ. ಆದರೆ ಪೊಂಪೈ ಬಳಿಯ ಟೊರೆ ಡೆಲ್ ಗ್ರೆಕೊದ ಒಂದು ರೋಮನ್ ಮನೆಯ ಗೋಡೆಯ ಚೂರುಗಳನ್ನು ಫ್ರಾನ್ಸಿನ ಗ್ರೆನೋಬಲ್‌ನಲ್ಲಿರುವ ಪ್ರಬಲ ಎಕ್ಸ್-ರೇ ಯಂತ್ರದಡಿ ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನ ಕ್ಲೋರಿನ್ ಕಡೆ ಬೆರಳು ತೋರಿತು. ಕಡಲ ಗಾಳಿಯ ಉಪ್ಪು, ತೇವ, ಬೆಳಕು ಸೇರಿ ಗೋಡೆಯ ಮೇಲ್ಪದರದಲ್ಲಿ ಬೇರೆ ಸಂಯುಕ್ತಗಳು ಹುಟ್ಟುತ್ತವೆ. ಅಗೆಯುವ ದಿನ ಉಜ್ವಲವಾಗಿ ಕಂಡ ಕೆಂಪು ಬಯಲಿಗೆ ಬಂದ ಮೇಲೆ ಕಪ್ಪಾಗಲು ಇದು ಕಾರಣ. ಎರಡು ಸಾವಿರ ವರ್ಷ ಬೂದಿಯಡಿ ಕ್ಷೇಮವಾಗಿದ್ದ ಬಣ್ಣಕ್ಕೆ ಹೊರಗೆ ತೆಗೆದದ್ದೇ ಕುತ್ತಾಯಿತು.

ಇನ್ನೊಂದು ಸಂಗತಿ ಇದಕ್ಕಿಂತ ಕುತೂಹಲದ್ದು. ಪೊಂಪೈ ಎಂದರೆ ಕೆಂಪು ಎಂಬ ಹೆಸರು ಬಿದ್ದುಹೋಗಿದೆ. ಬಣ್ಣದಂಗಡಿಯ ಶೇಡ್ ಕಾರ್ಡುಗಳಲ್ಲೂ 'ಪೊಂಪಿಯನ್ ರೆಡ್' ಎಂಬ ಹೆಸರು ಕಾಣಬಹುದು. ಆದರೆ ಆ ಊರು ನಿಜವಾಗಿ ಅಷ್ಟು ಕೆಂಪಾಗಿತ್ತೇ?

ಇಟಲಿಯ ರಾಷ್ಟ್ರೀಯ ದ್ಯುತಿವಿಜ್ಞಾನ ಸಂಸ್ಥೆಯ ಸೆರ್ಜಿಯೊ ಒಮಾರಿನಿ 2011ರಲ್ಲಿ ಮಂಡಿಸಿದ ಅಧ್ಯಯನದ ಲೆಕ್ಕ ಹೀಗಿದೆ: ಪರಿಶೀಲಿಸಿದ ಗೋಡೆಗಳಲ್ಲಿ ಇಂದು ಕೆಂಪಾಗಿ ಕಾಣುವುವು 246, ಹಳದಿಯಾಗಿ ಕಾಣುವುವು 57. ಮೂಲದಲ್ಲಿ ಕೆಂಪಾಗಿದ್ದವು 165, ಹಳದಿಯಾಗಿದ್ದವು 138. ಅಂದರೆ ಎಂಬತ್ತೊಂದು ಗೋಡೆಗಳು ಹಳದಿಯಿಂದ ಕೆಂಪಾದವು. ಬಳಿದವರು ಬಣ್ಣಗಾರರಲ್ಲ, ಜ್ವಾಲಾಮುಖಿಯ ಬಿಸಿ ಅನಿಲ.

ಇದು ಜಾದೂ ಅಲ್ಲ. ಹಳದಿ ಮಣ್ಣು ಮತ್ತು ಕೆಂಪು ಮಣ್ಣು ಎರಡರ ಬಣ್ಣವೂ ಕಬ್ಬಿಣದ್ದೇ. ಹಳದಿ ಮಣ್ಣಿನ ಕಬ್ಬಿಣದಲ್ಲಿ ನೀರಿನಂಶ ಸೇರಿಕೊಂಡಿರುತ್ತದೆ. ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಶಾಖ ತಗಲಿದರೆ ಆ ನೀರಿನಂಶ ಹೋಗಿ ಉಳಿಯುವುದು ಕೆಂಪು ಕಬ್ಬಿಣದ ಆಕ್ಸೈಡ್. ಒಂದೇ ಗೋಡೆಯಲ್ಲಿ ಅರ್ಧ ಹಳದಿ, ಅರ್ಧ ಕೆಂಪು, ನಡುವೆ ಅಂಚಿಲ್ಲದ ಮೋಡದಂಥ ಕಲೆ ಕಂಡರೆ ಅಲ್ಲಿ ಬಿಸಿ ಅನಿಲ ನುಗ್ಗಿತೆಂದು ಅರ್ಥ. ಯಾವ ಬಣ್ಣಗಾರನೂ ಹಾಗೆ ಬಳಿಯುವುದಿಲ್ಲ.

ತಮಾಷೆಯೆಂದರೆ ಈ ಗುಟ್ಟು ಗ್ರೀಕರಿಗೆ ಪೊಂಪೈ ನಾಶವಾಗುವ ಮುನ್ನೂರು ವರ್ಷಗಳಿಗೂ ಹಿಂದೆಯೇ ಗೊತ್ತಿತ್ತು. ಅರಿಸ್ಟಾಟಲನ ಶಿಷ್ಯ ಥಿಯೊಫ್ರಾಸ್ಟಸ್ ಕಲ್ಲುಗಳನ್ನು ಕುರಿತ ತನ್ನ ಗ್ರಂಥದಲ್ಲಿ ಹೇಳುತ್ತಾನೆ: ಒಂದು ಅಂಗಡಿಗೆ ಬೆಂಕಿ ಬಿದ್ದಾಗ ಅರ್ಧ ಸುಟ್ಟ ಹಳದಿ ಮಣ್ಣು ಕೆಂಪಾಗಿದ್ದುದನ್ನು ಕಿಡಿಯಾಸ್ ಎಂಬಾತ ಗಮನಿಸಿದ, ಅಲ್ಲಿಂದ ಬೇಕೆಂದೇ ಸುಟ್ಟು ಕೆಂಪು ಮಾಡುವ ರೂಢಿ ಬಂತು. ದಕ್ಷಿಣ ಕನ್ನಡದವರಿಗೆ ಇದನ್ನು ವಿವರಿಸಬೇಕಾಗಿಲ್ಲ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಆರಂಭಿಸಿದ ಹೆಂಚಿನ ಕಾರ್ಖಾನೆಯ ಗೂಡಿನಲ್ಲಿ ಆದದ್ದೂ ಇದೇ. ಹಸಿಯಾಗಿ ಒಳಗೆ ಹೋದ ಮಂಕು ಬಣ್ಣದ ಜೇಡಿಮಣ್ಣು ಕೆಂಪು ಹೆಂಚಾಗಿ ಹೊರಗೆ ಬಂತು. ಅದನ್ನು ಕೆಂಪು ಮಾಡಿದ್ದೂ ಮಣ್ಣಿನೊಳಗಿನ ಕಬ್ಬಿಣವೇ.

ಹಾಗೆಂದು ಪೊಂಪೈಯ ಕೆಂಪೆಲ್ಲ ಸುಳ್ಳೆಂದು ತಿಳಿಯಬಾರದು. ಪತ್ರಿಕೆಗಳು ಆಗ ಹಾಗೆ ಬರೆದು ಗದ್ದಲ ಮಾಡಿದ್ದುಂಟು. 165 ಗೋಡೆಗಳು ಮೂಲದಲ್ಲೂ ಕೆಂಪೇ. ಇಂಗಲೀಕ ಬಳಿದ ಶ್ರೀಮಂತರ ಕೋಣೆಗಳಿಗೆ ಈ ವಾದ ಸಂಬಂಧಿಸುವುದೂ ಇಲ್ಲ. ಆದರೆ ಸಾಧಾರಣ ಮನೆಗಳ ಅನೇಕ ಗೋಡೆಗಳು ತಿಳಿ ಬಿಸಿಲಿನಂಥ ಹಳದಿಯಾಗಿದ್ದವು ಎಂದಾದರೆ ಆ ಬೀದಿಗಳ ಚಿತ್ರವೇ ಬದಲಾಗುತ್ತದೆ. ಅಲ್ಲಿ ಬದುಕಿದ್ದವರು ಆರಿಸಿದ ಬಣ್ಣ ಒಂದು, ಅವರನ್ನು ಕೊಂದ ಶಾಖ ಬಳಿದ ಬಣ್ಣ ಇನ್ನೊಂದು. ಜಗತ್ತು ಎರಡನೆಯದನ್ನೇ ಮೆಚ್ಚಿ ಮನೆಗೆ ತಂದುಕೊಂಡಿತು.

ತಂದುಕೊಂಡದ್ದು ಹೇಗೆ? ಹರ್ಕುಲೇನಿಯಂ ಅಗೆತ 1738ರಲ್ಲಿ, ಪೊಂಪೈಯದು 1748ರಲ್ಲಿ ಶುರುವಾಯಿತು. ನೇಪಲ್ಸ್ ದೊರೆಯ ಆಳುಗಳು ಗೋಡೆಯಿಂದ ಚಿತ್ರಗಳನ್ನು ಮಾತ್ರ ಕೊರೆದು ತೆಗೆದು ಪೋರ್ಟಿಚಿ ಅರಮನೆಗೆ ಸಾಗಿಸಿದರು. ಸುತ್ತಲಿನ ಕೆಂಪು, ಹಳದಿ ಹಿನ್ನೆಲೆಗೆ ಬೆಲೆಯಿರಲಿಲ್ಲ. 1757ರಿಂದ ಪ್ರಕಟವಾದ ಅರಮನೆಯ ಭಾರಿ ಸಂಪುಟಗಳೂ ಕಪ್ಪು ಬಿಳುಪಿನ ಕೆತ್ತನೆಗಳು. ಬಣ್ಣ ನೋಡಬೇಕಾದರೆ ಅಲ್ಲಿಗೇ ಹೋಗಬೇಕಿತ್ತು. ಹಾಗೆ ಹೋದವರಲ್ಲಿ ಇಂಗ್ಲೆಂಡಿನ ವಾಸ್ತುಶಿಲ್ಪಿ ಜಾನ್ ಸೋನ್ ಒಬ್ಬ. 1779ರಲ್ಲಿ, ಇನ್ನೂ ಇಪ್ಪತ್ತೈದರ ಯುವಕನಾಗಿ ಅವನು ಪೊಂಪೈ ಕಂಡ. ಲಂಡನ್ನಿನ ಲಿಂಕನ್ಸ್ ಇನ್ ಫೀಲ್ಡ್ಸ್‌ನಲ್ಲಿರುವ ಅವನ ಮನೆಯ ಗ್ರಂಥಾಲಯ ಮತ್ತು ಊಟದ ಕೋಣೆ ಇಂದಿಗೂ ಕಡುಗೆಂಪು. ಪೊಂಪೈಯಿಂದ ಅವನು ತಂದ ಗಾರೆಯ ಒಂದು ಚೂರಿನ ಬಣ್ಣವನ್ನೇ ಅದು ಅನುಸರಿಸಿದೆ ಎಂಬ ಮಾತಿದೆ. ಮನೆ ಈಗ ವಸ್ತುಸಂಗ್ರಹಾಲಯ. ಕೆಂಪಿನ ನಡುವೆ ಕನ್ನಡಿಗಳನ್ನು ಹೂಡಿ ಸಣ್ಣ ಕೋಣೆಯನ್ನು ದೊಡ್ಡದಾಗಿ ಕಾಣಿಸಿದ ಅವನ ಜಾಣ್ಮೆ ನೋಡಬೇಕಾದದ್ದೇ. ಕಡುಬಣ್ಣ ಬಳಿದರೆ ಕೋಣೆ ಕಿರಿದಾಗುತ್ತದೆಂದು ಹೆದರುವವರು ಆ ಕೋಣೆಯಲ್ಲಿ ಐದು ನಿಮಿಷ ನಿಲ್ಲಬೇಕು.

ಜರ್ಮನಿಯ ವಿಲ್ಹೆಲ್ಮ್ ಜಾನ್ 1828ರಿಂದ ಬಣ್ಣದ ಕಲ್ಲಚ್ಚಿನಲ್ಲಿ ಪೊಂಪೈ ಗೋಡೆಗಳನ್ನು ಮುದ್ರಿಸತೊಡಗಿದ ಮೇಲೆ ಮನೆಯಲ್ಲೇ ಕುಳಿತು ಬಣ್ಣ ಆರಿಸುವುದು ಸಾಧ್ಯವಾಯಿತು. ಬವೇರಿಯದ ದೊರೆ ಒಂದನೇ ಲುಡ್ವಿಗ್ 1840ರ ದಶಕದಲ್ಲಿ ಅಶಾಫೆನ್‌ಬರ್ಗ್ ಊರಿನಲ್ಲಿ ಇಡೀ ಪೊಂಪೈ ಮನೆಯನ್ನೇ ಕಟ್ಟಿಸಿದ. ಸಫೋಕ್ ಪ್ರಾಂತದ ಇಕ್ವರ್ತ್ ಮಹಲಿನ ಪೊಂಪೈ ಕೋಣೆಯನ್ನು ಜಾನ್ ಡಿಬ್ಲೀ ಕ್ರೇಸ್ 1879ರಲ್ಲಿ ಅಲಂಕರಿಸಿದ. ಅಷ್ಟರಲ್ಲಿ ಇಂಗ್ಲೆಂಡಿನ ಊಟದ ಕೋಣೆಗೆ ಕೆಂಪೇ ಸರಿ ಎಂಬ ರೂಢಿ ಬೇರೂರಿತ್ತು. ಮೇಣದ ಬತ್ತಿ, ಆಮೇಲೆ ಗ್ಯಾಸ್ ದೀಪ. ಎರಡರ ಹಳದಿ ಬೆಳಕಿನಲ್ಲೂ ನೀಲಿ, ಹಸಿರು ಮಂಕಾಗುತ್ತವೆ, ಕೆಂಪು ಬೆಚ್ಚಗಾಗುತ್ತದೆ. ಚಿನ್ನದ ಚೌಕಟ್ಟಿನ ತೈಲಚಿತ್ರಗಳಿಗೂ ಆ ಹಿನ್ನೆಲೆ ಒಪ್ಪುತ್ತದೆ. ವಿದ್ಯುತ್ ದೀಪ ಬಂದ ಮೇಲೆ ಮನೆಗಳು ಬೆಳ್ಳಗಾದದ್ದರಲ್ಲಿ ಅಚ್ಚರಿಯಿಲ್ಲ.

ಆ ಕಾಲದ ಬಣ್ಣಗಾರರು ಹೆಚ್ಚಾಗಿ ಬಳಸಿದ್ದು ಇಂಗಲೀಕವಲ್ಲ, ಕಬ್ಬಿಣದ ಕೆಂಪೇ. ಅದರ ಒಂದು ಬಗೆಗೆ 'ಇಂಡಿಯನ್ ರೆಡ್' ಎಂದೇ ಹೆಸರು. ಭಾರತದ ಕಡೆಯಿಂದ ಬಂದ ಮಣ್ಣೆಂಬ ಕಾರಣಕ್ಕೆ. ಅಮೆರಿಕದಲ್ಲಿ ಮಕ್ಕಳ ಬಣ್ಣದ ಕಡ್ಡಿಗೂ ಆ ಹೆಸರಿತ್ತು. ಅದು ಅಲ್ಲಿನ ಮೂಲನಿವಾಸಿಗಳ ಮೈಬಣ್ಣವೆಂದು ಮಕ್ಕಳು ತಪ್ಪು ತಿಳಿಯುತ್ತಾರೆಂದು ಕ್ರಯೋಲಾ ಕಂಪನಿ 1999ರಲ್ಲಿ ಹೆಸರು ಬದಲಿಸಿತು.

ಇದೇ ಕಬ್ಬಿಣದ ಕೆಂಪು ಕನ್ನಡ ನಾಡಿನ ಗೋಡೆಗಳಲ್ಲೂ ಇದೆ. ಪೊಂಪೈಯಿಂದ ಬಂದದ್ದಲ್ಲ, ಕಾಲ ಕೆಳಗಿನ ನೆಲದಿಂದ ಬಂದದ್ದು. ಸಾಗರ, ಸೊರಬ, ಸಿರಸಿ, ಸಿದ್ದಾಪುರದ ಸೀಮೆಯ ದೀವರ ಮನೆಗಳಲ್ಲಿ ಮಣ್ಣಿನ ಗೋಡೆಗೆ ಕೆಮ್ಮಣ್ಣು ಸಾರಿಸಿ, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳುಪಿನಿಂದ ಹಸೆ ಚಿತ್ತಾರ ಬರೆಯುವುದು ಹೆಂಗಸರ ಕೈಕೆಲಸ. ಕುಂಚಕ್ಕೆ ಪುಂಡಿ ನಾರು. ಕಪ್ಪಿಗೆ ಹುರಿದು ಕರಿಕಾದ ಅಕ್ಕಿ. ಮದುವೆಯ ಹಸೆಗೋಡೆಯ ಮುಂದೆ ವಧೂವರರು ಕೂರುತ್ತಾರೆ. ಭೂಮಿ ಹುಣ್ಣಿಮೆಯ ಬುಟ್ಟಿಗೂ ಅದೇ ಕೆಮ್ಮಣ್ಣಿನ ಹಿನ್ನೆಲೆ. ಕರಾವಳಿಯ ಕಾವಿ ಕಲೆಯ ಹಾದಿ ಬೇರೆ. ಬಿಳಿ ಸುಣ್ಣದ ಗಾರೆಯ ಮೇಲೆ ಕಾವಿಯ ಪದರ ಹಾಕಿ, ಅದು ಹಸಿಯಿರುವಾಗಲೇ ಮೊನೆಯಿಂದ ಕೆರೆದರೆ ಕೆಂಪಿನೊಳಗಿಂದ ಬಿಳಿ ಚಿತ್ರ ಏಳುತ್ತದೆ. ಹಸಿ ಸುಣ್ಣ ಬಣ್ಣವನ್ನು ಹಿಡಿದಿಡುವ ಬಗೆ ಪೊಂಪೈಯದೇ.

ದುಬಾರಿ ಕೆಂಪು, ಅಗ್ಗದ ಕೆಂಪು ಎಂಬ ಭೇದವೂ ಇಲ್ಲಿನವರಿಗೆ ತಿಳಿಯದ್ದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದ ಚಿತ್ರಕಲೆಯ ಭಾಗದಲ್ಲಿ ಇಂಗಲೀಕ, ಅರಗಿನ ರಸ, ಕಾವಿಕಲ್ಲು ಮೂರಕ್ಕೂ ಬೇರೆ ಬೇರೆ ಕೆಂಪಿನ ಸ್ಥಾನವಿದೆ. ಅರಮನೆಯ ಭಿತ್ತಿಗೆ ಮೂರೂ ಉಂಟು. ರೈತನ ಮನೆಗೆ ಕೊನೆಯದು. ಹಾಗಾದರೆ ಹೆಚ್ಚು ಬಾಳಿದ್ದು ಯಾವುದು? ಬಿಸಿಲು ಬಿದ್ದರೂ, ಸುಣ್ಣ ತಾಗಿದರೂ ಬಣ್ಣ ಬಿಡದ್ದು ಈ ಕೊನೆಯದೇ. ಕಬ್ಬಿಣ ಅದಾಗಲೇ ಪೂರ್ತಿ ತುಕ್ಕು ಹಿಡಿದಿದೆ. ಇನ್ನು ಕೆಡಲು ಅದರಲ್ಲಿ ಏನೂ ಉಳಿದಿಲ್ಲ. ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲ ಅರ್ಧ ಶತಮಾನ ಒರೆಸಿಕೊಂಡ ಮೇಲೂ ಕನ್ನಡಿಯಂತೆ ಹೊಳೆಯುವುದು ಇದರಿಂದಲೇ. ಅದನ್ನು ಒಡೆದು ಟೈಲ್ಸ್ ಹಾಕಿಸುವ ಮುನ್ನ ಒಂದು ದಿನ ಯೋಚಿಸಿದರೆ ನಷ್ಟವಿಲ್ಲ. ಆ ನೆಲವನ್ನು ಕರಣೆಯಿಂದ ತಿಕ್ಕಿ ತಿಕ್ಕಿ ಹೊಳಪು ತರಬಲ್ಲ ಹಳೆಯ ಮೇಸ್ತ್ರಿಗಳು ಈಗ ಸುಲಭವಾಗಿ ಸಿಗುವುದಿಲ್ಲ.

ವೆಟ್ಟಿ ಮನೆಯ ಕಡೆ ಮತ್ತೊಮ್ಮೆ ಹೋಗಿ ಬರೋಣ. ಸುಮಾರು ಎರಡು ದಶಕಗಳ ರಿಪೇರಿಯ ನಂತರ 2023ರ ಜನವರಿಯಲ್ಲಿ ಅದನ್ನು ಮತ್ತೆ ಜನರಿಗೆ ತೆರೆಯಲಾಯಿತು. ಅಲ್ಲಿ ಕೆಲಸ ಮಾಡಿದವರಿಗೆ ಬಹಳ ಕಾಟ ಕೊಟ್ಟದ್ದು ಜ್ವಾಲಾಮುಖಿಯಲ್ಲ, ಹಿಂದಿನ ದಶಕಗಳ ರಕ್ಷಕರು. ಬಣ್ಣ ಉಳಿಯಲೆಂದು ಅವರು ಗೋಡೆಗಳ ಮೇಲೆ ಪ್ಯಾರಫಿನ್ ಮೇಣ ಹಚ್ಚಿದ್ದರು. ಅದರಿಂದ ಬಣ್ಣಗಳ ಸ್ವರೂಪವೇ ಕೆಟ್ಟಿತ್ತು. ವಿಟ್ರುವಿಯಸ್ ಹೇಳಿದ ಔಷಧಿಯನ್ನೇ ಹೋಲುವ ಮೇಣವನ್ನು ಈಗ ಎಚ್ಚರದಿಂದ ಕಿತ್ತು ತೆಗೆಯಬೇಕಾಯಿತು.

ಇಂದು ಮನೆಯ ಒಂದು ಗೋಡೆಗೆ ಕಡುಗೆಂಪು ಹೊಡೆಸಬೇಕೆಂದಿರುವವರಿಗೆ ಇಂಗಲೀಕದ ಚಿಂತೆಯಿಲ್ಲ. ಡಬ್ಬಿಯಲ್ಲಿ ಬರುವ ಕೆಂಪು ಹೆಚ್ಚಾಗಿ ಕಾರ್ಖಾನೆಯಲ್ಲಿ ಹುಟ್ಟಿದ ಬಣ್ಣ. ಹೊಳಪಿನ ಕೆಂಪು ತೆಳುವಾಗಿರುತ್ತದೆ, ಕೆಳಗಿನದನ್ನು ಮುಚ್ಚುವುದು ನಿಧಾನ. ಬೂದು ಬಣ್ಣದ ಪ್ರೈಮರ್ ಹಾಕಿ ಮೇಲೆ ಎರಡು ಮೂರು ಕೋಟ್ ಕೊಟ್ಟರೆ ಮಾತ್ರ ಆಳ ಬರುತ್ತದೆ. ಮೇಸ್ತ್ರಿಗಳಿಗೆ ಇದು ಗೊತ್ತು, ಕಡಿಮೆ ದರ ಹೇಳಿದವರು ಮರೆಯುತ್ತಾರೆ.

ಚಿಂತಿಸಬೇಕಾದದ್ದು ಹಳೆಯ ಬಣ್ಣವನ್ನು ಕುರಿತು. ಕಿಟಕಿ, ಬಾಗಿಲು, ಗ್ರಿಲ್‌ಗಳಿಗೆ ಹಿಂದೆ ಬಳಿದ ಹಳದಿ, ಕಿತ್ತಳೆ, ಕೆಂಪು ಎನಾಮಲ್‌ಗಳಲ್ಲಿ ಸೀಸ ಬೆರೆತಿರುವ ಸಾಧ್ಯತೆ ಹೆಚ್ಚು. ಮನೆ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂದು ಭಾರತ ಸರ್ಕಾರ ನಿಯಮ ಮಾಡಿದ್ದು 2016ರಲ್ಲಿ. ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೆ ಮೊದಲು ಬಳಿದದ್ದು ಇನ್ನೂ ಲಕ್ಷಾಂತರ ಮನೆಗಳಲ್ಲಿದೆ. ಒಣಗಿದ ಉಪ್ಪುಕಾಗದದಿಂದ ಅದನ್ನು ಉಜ್ಜಿದರೆ ಏಳುವ ಧೂಳು ಮೊದಲು ಹೋಗುವುದು ಉಜ್ಜುವವನ ಎದೆಗೆ, ಆಮೇಲೆ ಮನೆಯ ನೆಲದಲ್ಲಿ ತೆವಳುವ ಮಗುವಿನ ಕೈಗೆ. ನೀರು ಹಾಕಿ ಉಜ್ಜಿಸಬೇಕು, ಮಕ್ಕಳನ್ನೂ ಬಸುರಿಯರನ್ನೂ ಆ ದಿನಗಳಲ್ಲಿ ಬೇರೆ ಮನೆಗೆ ಕಳಿಸಬೇಕು, ಕೆಲಸದವರಿಗೆ ಸರಿಯಾದ ಮಾಸ್ಕ್ ಕೊಡಿಸಬೇಕು. ನಮ್ಮ ಊರುಗಳಲ್ಲಿ ಈಗ ಕಾಣುವುದು ಮೂಗಿಗೆ ಕಟ್ಟಿಕೊಂಡ ಒಂದು ಟವೆಲ್. ಪ್ಲಿನಿ ಕಂಡ ಕೆಲಸಗಾರರ ಬಳಿ ಕೊನೆಗೆ ಮೂತ್ರಕೋಶದ ಚೀಲವಾದರೂ ಇತ್ತು.